ಶ್ರೀಲಂಕಾದಲ್ಲಿ ಆಸ್ತಿ: ಸರ್ಕಾರ ಬದಲಾದರೆ ನಿಮ್ಮ ಹಣದ ಗತಿ ಏನು?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶ್ರೀಲಂಕಾದಲ್ಲಿ ಮನೆ, ಜಾಗ ಕೊಳ್ಳುವ ಕುರಿತಾಗಿವೆ. ಎಲ್ಲ ಪತ್ರಗಳ ಒಳಗಿರುವ ಅಳುಕು ಒಂದೇ: ಆ ದೇಶವನ್ನು ನಂಬಬಹುದೇ? ಹಾಗಾಗಿ ಒಂದೇ ದೇಶದ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: 2022ರಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಈಗ ನನ್ನ ತಮ್ಮ ಕೊಲಂಬೊದಲ್ಲಿ ಫ್ಲ್ಯಾಟ್ ಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾನೆ. ರಾಜಕೀಯವಾಗಿ ಅದು ಸ್ಥಿರವಾದ ದೇಶವೇ?
ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನೀವು ಟಿವಿಯಲ್ಲಿ ನೋಡಿದ್ದು 2022ರ ಜುಲೈ 9ರ ದೃಶ್ಯ. ಆಸ್ತಿ ಕೊಳ್ಳುವವರು ಅದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅದರ ನಂತರದ ಹನ್ನೊಂದು ದಿನಗಳನ್ನು. ಜುಲೈ 13ರಂದು ಗೊಟಬಯ ರಾಜಪಕ್ಸ ದೇಶ ಬಿಟ್ಟು ಮಾಲ್ಡೀವ್ಸಿಗೆ ಹೋದರು, ಮರುದಿನ ರಾಜೀನಾಮೆ ಕಳಿಸಿದರು. ಸೇನೆ ಅಧಿಕಾರ ಹಿಡಿಯಲಿಲ್ಲ. ಅಧ್ಯಕ್ಷ ಸ್ಥಾನ ನಡುವೆ ತೆರವಾದರೆ ಉಳಿದ ಅವಧಿಗೆ ಸಂಸತ್ತೇ ಒಬ್ಬರನ್ನು ಆರಿಸಬೇಕು ಎಂದು ಸಂವಿಧಾನದಲ್ಲಿದೆ. ಅದರಂತೆ ಜುಲೈ 20ರಂದು ಮತದಾನ ನಡೆದು, 134 ಮತ ಪಡೆದ ರನಿಲ್ ವಿಕ್ರಮಸಿಂಘೆ ಅಧ್ಯಕ್ಷರಾದರು. 2024ರ ಸೆಪ್ಟೆಂಬರ್ 21ರ ಚುನಾವಣೆಯಲ್ಲಿ ಅವರು ಸೋತರು. ಗೆದ್ದ ಅನುರಾ ಕುಮಾರ ದಿಸ್ಸಾನಾಯಕೆ ಎರಡೇ ದಿನದಲ್ಲಿ ಪ್ರಮಾಣವಚನ ಸ್ವೀಕರಿಸಿದರು.

ಈ ಶಿಸ್ತು ಒಂದು ದಿನದಲ್ಲಿ ಬಂದದ್ದಲ್ಲ. ವಯಸ್ಕರಿಗೆಲ್ಲ ಮತದಾನದ ಹಕ್ಕು ಅಲ್ಲಿ 1931ರಲ್ಲೇ, ಅಂದರೆ ಸ್ವಾತಂತ್ರ್ಯಕ್ಕೆ 17 ವರ್ಷ ಮೊದಲೇ ಬಂದಿತ್ತು. 1962ರಲ್ಲಿ ಕೆಲವು ಸೇನಾ, ಪೊಲೀಸ್ ಅಧಿಕಾರಿಗಳು ದಂಗೆಗೆ ಸಂಚು ಹೂಡಿ ಸಿಕ್ಕಿಬಿದ್ದರು. ಸೇನಾದಂಗೆ ಅಲ್ಲಿ ಯಶಸ್ವಿಯಾದದ್ದೇ ಇಲ್ಲ. 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಪ್ರಧಾನಿಯನ್ನು ಏಕಾಏಕಿ ವಜಾ ಮಾಡಿ, ಆಮೇಲೆ ಸಂಸತ್ತನ್ನೂ ವಿಸರ್ಜಿಸಿದರು. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಹೇಳಿತು. ಮೂರೇ ದಿನಕ್ಕೆ ಹಳೆಯ ಪ್ರಧಾನಿ ಮತ್ತೆ ಕುರ್ಚಿಯಲ್ಲಿ ಕೂತರು.

ಇದರ ಜೊತೆಗೆ ರಕ್ತದ ಇತಿಹಾಸವೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. 1971ರಲ್ಲಿ ಮತ್ತು 1987-89ರಲ್ಲಿ ಜೆವಿಪಿ ಎಂಬ ಮಾರ್ಕ್ಸ್‌ವಾದಿ ಪಕ್ಷದ ಎರಡು ದಂಗೆಗಳಾದವು. 1983ರ ಜುಲೈನಿಂದ 2009ರ ಮೇ ತನಕ ಅಂತರ್ಯುದ್ಧ ನಡೆಯಿತು. 2019ರ ಏಪ್ರಿಲ್ 21ರ ಈಸ್ಟರ್ ದಿನ ಚರ್ಚುಗಳ ಮೇಲೂ ಕೊಲಂಬೊದ ದೊಡ್ಡ ಹೋಟೆಲುಗಳ ಮೇಲೂ ಬಾಂಬ್ ದಾಳಿಗಳಾಗಿ 250ಕ್ಕೂ ಹೆಚ್ಚು ಜನ ಸತ್ತರು.

ಇಷ್ಟೆಲ್ಲದರ ನಡುವೆಯೂ ಆಸ್ತಿ ನೋಂದಣಿ ಕಚೇರಿಗಳು ಮತ್ತು ಸಿವಿಲ್ ಕೋರ್ಟುಗಳು ದೇಶದ ಹೆಚ್ಚಿನ ಭಾಗದಲ್ಲಿ ಕೆಲಸ ಮಾಡುತ್ತಲೇ ಇದ್ದವು. ಆದ್ದರಿಂದ ನಮ್ಮ ಅಭಿಪ್ರಾಯ ಇದು: ಅಧಿಕಾರ ಕೈ ಬದಲಾಯಿಸುವ ವಿಷಯದಲ್ಲಿ ಶ್ರೀಲಂಕಾ ಗಟ್ಟಿ, ನಿಯಮಗಳನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಗಟ್ಟಿಯಲ್ಲ. ವಿದೇಶಿಯರು ಭೂಮಿ ಕೊಂಡರೆ ಆಸ್ತಿಯ ಬೆಲೆಯಷ್ಟೇ, ಅಂದರೆ ಶೇ 100ರಷ್ಟು ತೆರಿಗೆ ಎಂದು 1963ರಲ್ಲಿ ಕಾನೂನು ಬಂತು. 2002ರಲ್ಲಿ ಬೇರೆ ಸರ್ಕಾರ ಅದನ್ನು ತೆಗೆಯಿತು. ಗಾಲೆ ಕೋಟೆಯೊಳಗಿನ ಹಳೆಯ ಡಚ್ ಮನೆಗಳನ್ನು ವಿದೇಶಿಯರು ಸಾಲು ಸಾಲಾಗಿ ಕೊಂಡದ್ದು ಆ ಸಮಯದಲ್ಲೇ. 2004ರಲ್ಲಿ ಸರ್ಕಾರ ಬದಲಾಯಿತು, ತೆರಿಗೆ ಮರಳಿ ಬಂತು. 2014ರಲ್ಲಿ ಹೊಸ ಕಾಯ್ದೆ ಮಾಡಿ ವಿದೇಶಿಯರಿಗೆ ಭೂಮಿ ಮಾರುವುದನ್ನೇ ನಿಷೇಧಿಸಿದರು, ಅದೂ 2013ರ ಜನವರಿ 1ರಿಂದ ಪೂರ್ವಾನ್ವಯವಾಗಿ. ನಂತರದ ಸರ್ಕಾರ 2017-18ರಲ್ಲಿ ತಿದ್ದುಪಡಿ ತಂದು ಕೆಲವು ಗಂಟು ಸಡಿಲಿಸಿತು. ನಿಮ್ಮ ತಮ್ಮ ಹೆದರಬೇಕಾದದ್ದು ಬೀದಿಯ ಗಲಾಟೆಗಲ್ಲ, ಗೆಜೆಟ್ಟಿಗೆ.

ಪ್ರಶ್ನೆ: ಈಗಿನ ಅಧ್ಯಕ್ಷರ ಪಕ್ಷ ಮಾರ್ಕ್ಸ್‌ವಾದಿ ಹಿನ್ನೆಲೆಯದ್ದು ಎಂದು ಓದಿದೆ. ವಿದೇಶಿಯರ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡರೆ ಏನು ಮಾಡುವುದು?
ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಅವರ ಮೂಲ ಪಕ್ಷ ಜೆವಿಪಿ. 2020ರ ಚುನಾವಣೆಯಲ್ಲಿ ಅವರ ಮೈತ್ರಿಕೂಟಕ್ಕೆ ಸಿಕ್ಕಿದ್ದು 3 ಸ್ಥಾನ, 2024ರ ನವೆಂಬರ್ 14ರಂದು ಸಿಕ್ಕಿದ್ದು 225ರಲ್ಲಿ 159. ಹಿಂದಿನ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಜೊತೆ ಮಾಡಿಕೊಂಡಿದ್ದ ಸುಮಾರು 300 ಕೋಟಿ ಡಾಲರ್‌ಗಳ ಒಪ್ಪಂದವನ್ನು ಈ ಸರ್ಕಾರ ಮುರಿಯದೆ ಮುಂದುವರಿಸಿತು. ಪಕ್ಷದ ಹಳೆಯ ಘೋಷಣೆಗಳಿಗಿಂತ ಈ ನಡೆಯನ್ನೇ ಹೆಚ್ಚು ನೆಚ್ಚಬಹುದು.

ವಶಪಡಿಸಿಕೊಂಡ ಚರಿತ್ರೆ ಇದೆಯೇ ಎಂದರೆ, ಇದೆ. ಬ್ರಿಟಿಷರು 1840ರ ಸುಗ್ರೀವಾಜ್ಞೆಯ ಬಲದಿಂದ ಗುಡ್ಡಗಾಡಿನ ರೈತರ ಜಮೀನನ್ನು ‘ಪಾಳು’ ಎಂದು ಎಳೆದುಕೊಂಡು ಕಾಫಿ, ಆಮೇಲೆ ಚಹಾ ತೋಟ ಮಾಡಿದರು. ಆ ನೋವು ಅಲ್ಲಿ ಇನ್ನೂ ಹಸಿಯಾಗಿದೆ, ಭೂಮಿ ವಿದೇಶಿಯರ ಕೈಗೆ ಹೋಗಬಾರದು ಎಂಬುದಕ್ಕೆ ಎಲ್ಲ ಪಕ್ಷಗಳಲ್ಲೂ ಬೆಂಬಲವಿರುವುದು ಅದಕ್ಕೇ. ಸಿರಿಮಾವೋ ಬಂಡಾರನಾಯಿಕೆ ಸರ್ಕಾರ 1972ರಲ್ಲಿ ಖಾಸಗಿ ಹಿಡುವಳಿಗೆ 50 ಎಕರೆ ಮಿತಿ ಹಾಕಿ, 1975ರಲ್ಲಿ ಕಂಪನಿಗಳ ತೋಟಗಳನ್ನೂ ರಾಷ್ಟ್ರೀಕರಿಸಿತು. ತೀರಾ ಈಚೆಗೆ, 2011ರ ನವೆಂಬರಿನಲ್ಲಿ, ಸರಿಯಾಗಿ ನಡೆಯದ ಉದ್ಯಮಗಳು ಮತ್ತು ಬಳಸದೆ ಬಿಟ್ಟ ಸರ್ಕಾರಿ ಭೂಮಿಯ ಹೆಸರಿನಲ್ಲಿ 37 ಸಂಸ್ಥೆಗಳ ಆಸ್ತಿಯನ್ನು ಒಂದೇ ಕಾಯ್ದೆಯಿಂದ ತೆಗೆದುಕೊಂಡರು. ಅದರಲ್ಲಿ ಸಕ್ಕರೆ ಕಾರ್ಖಾನೆಗಳೂ ಇದ್ದವು.

ಒಂದು ವಿಷಯ ನಿಮ್ಮಂಥವರು ಗುರುತು ಹಾಕಿಕೊಳ್ಳಬೇಕು. ನಮ್ಮ ಸಂವಿಧಾನದಲ್ಲಿ ಆಸ್ತಿ ಮೂಲಭೂತ ಹಕ್ಕಲ್ಲದಿದ್ದರೂ 300ಎ ವಿಧಿಯ ರಕ್ಷಣೆಯಿದೆ. ಶ್ರೀಲಂಕಾದ 1978ರ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಆಸ್ತಿ ಇಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ: ಒಂದು ಮಸೂದೆ ಕಾಯ್ದೆಯಾಗಿ ಸ್ಪೀಕರ್ ಸಹಿ ಬಿದ್ದ ಮೇಲೆ ಅದರ ಸಿಂಧುತ್ವವನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ. 80ನೇ ವಿಧಿಯಲ್ಲಿ ಹಾಗೆಂದು ಬರೆದಿದೆ. ಪ್ರಶ್ನಿಸುವುದಿದ್ದರೆ ಮಸೂದೆಯ ಹಂತದಲ್ಲೇ ಸುಪ್ರೀಂ ಕೋರ್ಟಿಗೆ ಹೋಗಬೇಕು. ಕೊಲಂಬೊದಲ್ಲಿ ಸಮುದ್ರ ತುಂಬಿಸಿ ಕಟ್ಟುತ್ತಿರುವ ಹೊಸ ನಗರಕ್ಕಾಗಿ ತಂದ 2021ರ ಪೋರ್ಟ್ ಸಿಟಿ ಮಸೂದೆಯ ಹಲವು ಕಲಮುಗಳನ್ನು ಅಂಗೀಕಾರಕ್ಕೆ ಮೊದಲು ತಿದ್ದಬೇಕಾಗಿ ಬಂದದ್ದು ಹೀಗೆ. ನಮ್ಮಲ್ಲಿ ಕಾಯ್ದೆ ಬಂದ ಮೇಲೂ ರಿಟ್ ಹಾಕಬಹುದು, ಅಲ್ಲಿ ಆ ಬಾಗಿಲು ಇಲ್ಲ.

ರಸ್ತೆಗೋ ಬಂದರಿಗೋ ಸರ್ಕಾರ ಜಾಗ ತೆಗೆದುಕೊಳ್ಳುವುದು 1950ರ ಭೂಸ್ವಾಧೀನ ಕಾಯ್ದೆಯಡಿ. ಮೊದಲು ಕಲಂ 2ರ ನೋಟಿಸ್, ಅಂದರೆ ಅಳತೆಗೆ ಬರುತ್ತೇವೆ ಎಂಬ ಸೂಚನೆ. ಕಲಂ 4ರಲ್ಲಿ ಆಕ್ಷೇಪಣೆ. ಕಲಂ 7ರಲ್ಲಿ ಪರಿಹಾರದ ಹಕ್ಕು ಕೇಳಲು ಕರೆ, ಇಲ್ಲಿ ನೋಂದಾಯಿತ ಲೀಸ್ ಇರುವವರೂ ಅರ್ಜಿ ಕೊಡಬಹುದು. ಸ್ವಾಧೀನ ಪಡೆಯುವುದು ಕಲಂ 38ರಲ್ಲಿ. ತುರ್ತು ಎಂದು ಮಂತ್ರಿ ಆದೇಶ ಮಾಡಿದರೆ ಪರಿಹಾರ ತೀರ್ಮಾನವಾಗುವ ಮೊದಲೇ ಜಾಗ ಹೋಗಬಹುದು. ಪರಿಹಾರ ಮಾರುಕಟ್ಟೆ ಬೆಲೆಗೇ, ಆದರೆ ಕೈಗೆ ಸೇರುವುದು ತಡ. ವಿದೇಶದಲ್ಲಿರುವವರಿಗೆ ನೋಟಿಸ್ ತಲುಪದೆ ಗಡುವು ಮೀರುವುದೇ ಇಲ್ಲಿ ನಿಜವಾದ ಅಪಾಯ. ಅಲ್ಲಿನ ಒಂದು ವಿಳಾಸವನ್ನು ಪತ್ರದಲ್ಲಿ ಕೊಟ್ಟಿರಿ, ನೋಟಿಸ್ ಸ್ವೀಕರಿಸಲು ಒಬ್ಬ ವಕೀಲರಿಗೆ ಮುಖ್ತ್ಯಾರ್‌ನಾಮೆ ಬರೆದುಕೊಡಿ.

ಸರ್ಕಾರ ಬದಲಾದಾಗ ಪೆಟ್ಟು ಬೀಳುವುದು ಯಾರಿಗೆ ಎಂದು ನೋಡಿ. ಚೀನಾದ ಕಂಪನಿಯ ಕೊಲಂಬೊ ಪೋರ್ಟ್ ಸಿಟಿಯನ್ನು 2015ರ ಮಾರ್ಚಿನಲ್ಲಿ ಹೊಸ ಸರ್ಕಾರ ನಿಲ್ಲಿಸಿತು. ಮತ್ತೆ ಶುರುವಾದಾಗ ಆ ಕಂಪನಿಗೆ ಸಂಪೂರ್ಣ ಒಡೆತನಕ್ಕೆ ಕೊಡಬೇಕಿದ್ದ 20 ಹೆಕ್ಟೇರ್ 99 ವರ್ಷಗಳ ಲೀಸಾಗಿ ಇಳಿದಿತ್ತು. ಭಾರತ ಮತ್ತು ಜಪಾನ್ ಜೊತೆ 2019ರಲ್ಲಿ ಆದ ಕಂಟೇನರ್ ಟರ್ಮಿನಲ್ ಒಪ್ಪಂದವನ್ನು 2021ರ ಫೆಬ್ರವರಿಯಲ್ಲಿ ಇನ್ನೊಂದು ಸರ್ಕಾರ ಕೈಬಿಟ್ಟಿತು. ಮನ್ನಾರ್‌ನ ಪವನ ವಿದ್ಯುತ್ ಯೋಜನೆಯ ದರವನ್ನು ಈಗಿನ ಸರ್ಕಾರ ಮರುಪರಿಶೀಲನೆಗೆ ಎತ್ತಿಕೊಂಡಿತು, 2025ರ ಫೆಬ್ರವರಿಯಲ್ಲಿ ಅದಾನಿ ಕಂಪನಿ ಹಿಂದೆ ಸರಿಯಿತು. ಮೂರು ಸರ್ಕಾರ, ಮೂರು ಯೋಜನೆ, ಎಲ್ಲವೂ ಹಿಂದಿನ ಸರ್ಕಾರದ ಕೃಪೆಯಿಂದ ಬಂದವು. ಒಬ್ಬ ಖಾಸಗಿ ವ್ಯಕ್ತಿಯಿಂದ ಇನ್ನೊಬ್ಬರು ಕಾನೂನುಬದ್ಧವಾಗಿ ಕೊಂಡು ನೋಂದಾಯಿಸಿದ ಫ್ಲ್ಯಾಟು ಆ ಸಾಲಿಗೆ ಸೇರುವುದಿಲ್ಲ. ‘ಮಂತ್ರಿಗಳ ಕಡೆಯಿಂದ ಮಂಜೂರಾದ ಜಾಗ’ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ದೂರವಿರಿ.

ಪ್ರಶ್ನೆ: ಮಿರಿಸ್ಸಾ ಸಮುದ್ರ ತೀರದಲ್ಲಿ ಸಣ್ಣ ರೆಸಾರ್ಟ್ ಮಾಡುವ ಯೋಚನೆಯಿದೆ. ಸ್ಥಳೀಯರೊಬ್ಬರ ಹೆಸರಲ್ಲಿ ಜಾಗ ಕೊಂಡು ಒಳಗಿಂದೊಳಗೆ ಕರಾರು ಮಾಡಿಕೊಳ್ಳಿ, ಇಲ್ಲವೇ ಶೇ 51-49ರ ಕಂಪನಿ ಮಾಡಿ ಎಂದು ಏಜೆಂಟ್ ಹೇಳುತ್ತಾರೆ. ಸರಿಯೇ?
ಹೋಟೆಲ್ ಉದ್ಯಮಿ, ಮಂಗಳೂರು

ಉತ್ತರ: ಮೊದಲನೆಯದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅದು ಬೇನಾಮಿ. 2014ರ ಭೂ ಪರಭಾರೆ ನಿರ್ಬಂಧ ಕಾಯ್ದೆಯ ಪ್ರಕಾರ ವಿದೇಶಿಯರಿಗೆ, ಮತ್ತು ಶೇ 50 ಅಥವಾ ಅದಕ್ಕಿಂತ ಹೆಚ್ಚು ಷೇರು ವಿದೇಶಿಯರ ಕೈಲಿರುವ ಕಂಪನಿಗೆ ಮಾಡಿದ ಭೂಮಿಯ ಕ್ರಯಕ್ಕೆ ಕಾನೂನಿನ ಬಲವೇ ಇಲ್ಲ. ಆ ಕಾಯ್ದೆಯಿಂದ ನುಣುಚಿಕೊಳ್ಳಲೆಂದೇ ಮಾಡಿದ ಒಳಕರಾರನ್ನು ಹಿಡಿದು ಕೋರ್ಟಿಗೆ ಹೋದರೆ ನಿಮ್ಮ ತಪ್ಪನ್ನು ನೀವೇ ಸಾಬೀತು ಮಾಡಿದಂತೆ. ಆ ಸ್ಥಳೀಯರು ಪ್ರಾಮಾಣಿಕರೇ ಇರಬಹುದು. ಅವರು ತೀರಿಕೊಂಡ ದಿನ ಮಕ್ಕಳು ಬಂದು ನಿಲ್ಲುತ್ತಾರೆ, ಆಗ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ.

51-49ರ ಕಂಪನಿಗೆ ಭೂಮಿ ಕೊಳ್ಳಲು ಅವಕಾಶವಿದೆ. ಆದರೆ ಕೊಂಡ ದಿನದಿಂದ ಸತತ 20 ವರ್ಷ ವಿದೇಶಿ ಷೇರು ಶೇ 50ಕ್ಕಿಂತ ಕಡಿಮೆಯೇ ಇರಬೇಕು. ನಡುವೆ ಪಾಲುದಾರರು ಷೇರು ನಿಮಗೆ ಮಾರಿದರೋ, ಹೊಸ ಬಂಡವಾಳ ನೀವೊಬ್ಬರೇ ಹಾಕಿದರೋ ಗೆರೆ ದಾಟುತ್ತದೆ, ಕ್ರಯವೇ ಬಿದ್ದುಹೋಗುತ್ತದೆ. 20 ವರ್ಷ ನಿಮ್ಮ ಹಣದ ಕಂಪನಿಯಲ್ಲಿ ನೀವು ಅಲ್ಪಮತದವರಾಗಿ ಇರಬೇಕು.

ನಿಮ್ಮ ಉದ್ದೇಶಕ್ಕೆ ಸರಿಯಾದದ್ದು ಲೀಸ್. ವಿದೇಶಿಯರಿಗೆ 99 ವರ್ಷದ ತನಕ ಲೀಸಿಗೆ ಅವಕಾಶವಿದೆ. ಲೀಸ್ ಬಾಡಿಗೆಯ ಮೇಲೆ ಮೊದಲು ಇದ್ದ ಶೇ 15ರ ತೆರಿಗೆಯನ್ನೂ ತೆಗೆದಿದ್ದಾರೆ. ಪತ್ರವನ್ನು ನೋಟರಿ ಮುಂದೆ, ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಮಾಡಿ ಭೂ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ನೋಟರಿ ಎಂದರೆ ಮೊಹರು ಹಾಕುವವರು, ಅಲ್ಲಿ ಪತ್ರ ಬರೆದು ದೃಢೀಕರಿಸುವ ಪೂರ್ತಿ ಹೊಣೆ ಅವರದೇ. ಈ ಮಾತುಗಳು ಪತ್ರದಲ್ಲಿ ಇರಲೇಬೇಕು: ಮಾಲೀಕರು ಜಾಗ ಮಾರಿದರೂ ತೀರಿಕೊಂಡರೂ ಲೀಸ್ ಹೊಸ ಮಾಲೀಕರಿಗೂ ವಾರಸುದಾರರಿಗೂ ಬದ್ಧ; ಲೀಸನ್ನು ಬೇರೆಯವರಿಗೆ ವರ್ಗಾಯಿಸುವ, ಒಳಬಾಡಿಗೆಗೆ ಕೊಡುವ, ಅಡಮಾನ ಇಡುವ ಹಕ್ಕು ನಿಮಗಿದೆ; ಅವಧಿ ಮುಗಿದಾಗ ನೀವು ಕಟ್ಟಿದ ಕಟ್ಟಡ ಯಾರದ್ದು, ಬೆಲೆ ಯಾರು ಕಟ್ಟುತ್ತಾರೆ. ಕೊನೆಯ ಮಾತನ್ನು ಬರೆಯದೆ ಬಿಟ್ಟರೆ 70ನೇ ವರ್ಷದ ಹೊತ್ತಿಗೆ ಆ ಲೀಸನ್ನು ಕೊಳ್ಳುವವರೇ ಸಿಗುವುದಿಲ್ಲ.

ಕರಾವಳಿಯವರಾದ ನಿಮಗೆ ಕಡಲತೀರದಲ್ಲಿ ಕಟ್ಟುವುದಕ್ಕೆ ಇರುವ ಸಿಆರ್‌ಝಡ್ ನಿಯಮ ಗೊತ್ತು. ಅಲ್ಲಿ 1981ರ ಕರಾವಳಿ ಸಂರಕ್ಷಣಾ ಕಾಯ್ದೆ. ಭರತದ ಸರಾಸರಿ ಗೆರೆಯಿಂದ 300 ಮೀಟರ್ ಒಳಗೆ ಏನು ಕಟ್ಟಬೇಕಾದರೂ ಪರವಾನಗಿ ಬೇಕು. ಲೀಸ್ ಸಹಿ ಮಾಡುವ ಮೊದಲೇ ಆ ಪರವಾನಗಿ ಸಿಗುವುದೇ ಎಂದು ಲಿಖಿತವಾಗಿ ಕೇಳಿಸಿಕೊಳ್ಳಿ, ಸಿಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತು ಹಾಕಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಕೊಲಂಬೊ ಫ್ಲ್ಯಾಟಿಗೆ ಹಣ ಹಾಕಿದರೆ, ನಾಳೆ ಮಾರಿದಾಗ ಅದು ಹೊರಗೆ ಬರುತ್ತದೆಯೇ? ಮಾರುವವರು ಅರ್ಧ ಹಣವನ್ನು ಚೆನ್ನೈನಲ್ಲಿ ಕೊಡಿ ಎನ್ನುತ್ತಿದ್ದಾರೆ.
ಓದುಗರು, ಮಸ್ಕತ್

ಉತ್ತರ: ಚೆನ್ನೈನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ವಿದೇಶಿಯರು ಅಪಾರ್ಟ್‌ಮೆಂಟ್ ಕೊಳ್ಳಲು ಕಾಯ್ದೆ ಕೊಟ್ಟಿರುವ ವಿನಾಯಿತಿಗೆ ಒಂದು ಷರತ್ತಿದೆ: ಪೂರ್ತಿ ಬೆಲೆ ಹೊರದೇಶದಿಂದ ಬ್ಯಾಂಕ್ ಮೂಲಕ ಬಂದಿರಬೇಕು, ಅದೂ ಕ್ರಯಪತ್ರವಾಗುವ ಮೊದಲು. ಅರ್ಧ ಹಣ ಬೇರೆ ದಾರಿಯಲ್ಲಿ ಹೋದರೆ ನಿಮ್ಮ ಕ್ರಯವೇ ದುರ್ಬಲ.

ದಾರಿ ಹೀಗಿದೆ. ಶ್ರೀಲಂಕಾದ ಒಂದು ವಾಣಿಜ್ಯ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಇನ್‌ವರ್ಡ್ ಇನ್‌ವೆಸ್ಟ್‌ಮೆಂಟ್ ಅಕೌಂಟ್ ತೆರೆಯಿರಿ. ಎಲ್ಲರೂ ಐಐಎ ಎನ್ನುತ್ತಾರೆ. 2017ರ ವಿದೇಶಿ ವಿನಿಮಯ ಕಾಯ್ದೆಯಡಿ ಬಂದ ಖಾತೆ ಇದು. ಒಮಾನಿನ ನಿಮ್ಮ ಖಾತೆಯಿಂದ ನೇರ ಅಲ್ಲಿಗೆ ಹಣ ಬರಲಿ, ಅಲ್ಲಿಂದ ಮಾರುವವರ ಖಾತೆಗೆ ಹೋಗಲಿ. ಪ್ರತಿ ವರ್ಗಾವಣೆಗೂ ಬ್ಯಾಂಕಿನಿಂದ ದೃಢೀಕರಣ ಪತ್ರ ಪಡೆದು ಕ್ರಯಪತ್ರದ ಜೊತೆಗೇ ಇಡಿ. ಮುಂದೆ ಬಾಡಿಗೆ ಬಂದರೂ, ಮಾರಿದ ಹಣ ಬಂದರೂ ತೆರಿಗೆ ಕಳೆದು ಇದೇ ಖಾತೆಗೆ ಜಮೆಯಾಗಿ ಇಲ್ಲಿಂದಲೇ ಹೊರಹೋಗುತ್ತದೆ. ಹತ್ತು ವರ್ಷದ ನಂತರ ಬ್ಯಾಂಕ್ ಕೇಳುವುದು ಆ ಕಾಗದಗಳನ್ನೇ. ಅನಿವಾಸಿಯಾದ ನಿಮ್ಮ ಒಮಾನಿನ ಗಳಿಕೆಗೆ ಭಾರತದ ವಾರ್ಷಿಕ ರವಾನೆ ಮಿತಿ ಅನ್ವಯಿಸುವುದಿಲ್ಲ.

ಹಣ ಹೊರಗೆ ಬರುವುದು ಒಂದು, ಎಷ್ಟು ಬರುತ್ತದೆ ಎಂಬುದು ಇನ್ನೊಂದು. 2022ರ ಮಾರ್ಚ್ ಆರಂಭದಲ್ಲಿ ಡಾಲರಿಗೆ 200 ಲಂಕಾ ರೂಪಾಯಿ ಇತ್ತು. ನಿಯಂತ್ರಣ ಬಿಟ್ಟ ಮೇಲೆ ಮೇ ಹೊತ್ತಿಗೆ 360ರ ಹತ್ತಿರ. 3 ಕೋಟಿ ಲಂಕಾ ರೂಪಾಯಿಯ ಫ್ಲ್ಯಾಟು ಮಾರ್ಚಿನಲ್ಲಿ 1,50,000 ಡಾಲರ್, ಅದೇ ಬೆಲೆಗೆ ಮೇನಲ್ಲಿ ಸುಮಾರು 83,000 ಡಾಲರ್. 2025ರಲ್ಲಿ ದರ 300ರ ಆಸುಪಾಸಿಗೆ ಬಂದಾಗಲೂ 1,00,000. ಆ ಅವಧಿಯಲ್ಲಿ ಯಾರೂ ಆ ಮನೆಯನ್ನು ಕಿತ್ತುಕೊಳ್ಳಲಿಲ್ಲ, ಒಂದು ಕಾಗದವೂ ಬದಲಾಗಲಿಲ್ಲ. ಈ ದೇಶದಲ್ಲಿ ರಾಜಕೀಯದ ತಪ್ಪುಗಳು ಆಸ್ತಿದಾರರನ್ನು ಮುಟ್ಟುವುದು ಬಹುಪಾಲು ಈ ದಾರಿಯಲ್ಲೇ: 2019ರ ಕೊನೆಯಲ್ಲಿ ತೆರಿಗೆಗಳನ್ನು ಭಾರೀ ಇಳಿಸಿದರು, ಖಜಾನೆ ಬರಿದಾಯಿತು, 2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲದ ಕಂತು ನಿಲ್ಲಿಸಿದರು, ಸೆಪ್ಟೆಂಬರಿಗೆ ಹಣದುಬ್ಬರ ಶೇ 70ರ ಹತ್ತಿರ ಹೋಯಿತು. ಆದ್ದರಿಂದ ಬೆಲೆಯನ್ನೂ ಬಾಡಿಗೆಯನ್ನೂ ಡಾಲರಿನಲ್ಲೇ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಕೊಳ್ಳುವ ಮೊದಲು ಯಾವ ಯಾವ ಕಾಗದ ನೋಡಬೇಕು? ಅಲ್ಲಿಯ ಪರ್ಚ್ ಎಂದರೆ ಎಷ್ಟು?
ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಪರ್ಚ್ 272.25 ಚದರ ಅಡಿ. ನಮ್ಮ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಪರ್ಚ್, ಎಕರೆಗೆ 160. ನಮ್ಮ 30-40ರ ಸೈಟು ಅಲ್ಲಿಯ ಲೆಕ್ಕದಲ್ಲಿ 4.4 ಪರ್ಚ್.

ಕಾಗದಗಳಲ್ಲಿ ಮೊದಲನೆಯದು ಹಕ್ಕಿನ ಶೋಧ, ಕನಿಷ್ಠ 30 ವರ್ಷದ್ದು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದ ಹಾಗೆ ಒಂದು ಹಾಳೆ ತೆಗೆದು ಕೈತೊಳೆದುಕೊಳ್ಳುವಂತಿಲ್ಲ. ವಕೀಲರು ಭೂ ನೋಂದಣಿ ಕಚೇರಿಯ ಸಂಪುಟಗಳಲ್ಲಿ ಆ ಜಾಗದ ಪುಟದಿಂದ ಹಿಂದಿನ ಪುಟಕ್ಕೆ, ಅಲ್ಲಿಂದ ಅದರ ಹಿಂದಿನ ಪುಟಕ್ಕೆ ಹೋಗುತ್ತಾ ಕ್ರಯ, ಅಡಮಾನ, ಲೀಸ್, ಕೋರ್ಟ್ ದಾವೆ ಎಲ್ಲವನ್ನೂ ಬರೆದುಕೊಳ್ಳಬೇಕು. ಅಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ. ಹಕ್ಕಿಲ್ಲದವರು ಬರೆದ ಪತ್ರವೂ ನೋಂದಣಿಯಾಗಿರಬಹುದು. ಒಡೆತನಕ್ಕೇ ಖಾತರಿ ಕೊಡುವ ‘ಬಿಮ್ ಸವಿಯ’ ಪದ್ಧತಿಯನ್ನು 1998ರ ಕಾಯ್ದೆ ತಂದಿದೆ, ಆದರೆ ಎಲ್ಲ ಪ್ರದೇಶಕ್ಕೂ ಅದು ತಲುಪಿಲ್ಲ. ನೀವು ನೋಡಿದ ಜಾಗ ಅದರಡಿ ಬಂದಿದ್ದರೆ ಅರ್ಧ ತಲೆನೋವು ಕಡಿಮೆ.

ಆಮೇಲೆ ಪಾಲು. ಕ್ರಯಪತ್ರದ ಕೊನೆಯ ಷೆಡ್ಯೂಲಿನಲ್ಲಿ ‘ಅವಿಭಜಿತ ಭಾಗ’ ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ಅಜ್ಜನ ಜಮೀನನ್ನು ಅಳತೆ ಮಾಡಿ ಹಂಚದೆ ‘ಎಂಟರಲ್ಲಿ ಒಂದು ಪಾಲು’ ಎಂದು ಮಾರುವುದು ಅಲ್ಲಿ ಮಾಮೂಲು. ಉಳಿದ ಪಾಲುದಾರರಲ್ಲಿ ಒಬ್ಬರು 1977ರ ವಿಭಾಗ ಕಾಯ್ದೆಯಡಿ ದಾವೆ ಹಾಕಿದರೆ ಇಡೀ ಜಾಗ ವರ್ಷಗಟ್ಟಲೆ ಕೋರ್ಟಿನಲ್ಲಿ ಉಳಿಯುತ್ತದೆ. ಇನ್ನು ಬೇರೆಯವರು 10 ವರ್ಷ ನಿರಾತಂಕವಾಗಿ ಸ್ವಾಧೀನದಲ್ಲಿದ್ದರೆ ಅವರಿಗೇ ಹಕ್ಕು ಬರಬಹುದು, ಆದ್ದರಿಂದ ಕಾಗದ ನೋಡಿದಷ್ಟೇ ಮುಖ್ಯ ಜಾಗಕ್ಕೆ ಹೋಗಿ ಯಾರಿದ್ದಾರೆ ಎಂದು ನೋಡುವುದು.

ಪರವಾನಗಿ ಪಡೆದ ಸರ್ವೇಯರ್ ಸಹಿಯ ಹೊಸ ನಕ್ಷೆ ಮಾಡಿಸಿ, ಹಳೆಯದರ ಪಕ್ಕ ಇಟ್ಟು ನಾಲ್ಕೂ ಗಡಿ ಹೋಲಿಸಿ. ಸ್ಥಳೀಯ ಸಂಸ್ಥೆಯಿಂದ ರಸ್ತೆ ಗೆರೆಯ (ರಸ್ತೆ ಅಗಲಿಸಲು ಗುರುತಿಸಿದ ಗೆರೆ) ಪ್ರಮಾಣಪತ್ರ ಮತ್ತು ಜಾಗ ಸರ್ಕಾರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಹಳೆಯ ತೋಟದ ತುಂಡಾಗಿದ್ದರೆ ಭೂಸುಧಾರಣಾ ಆಯೋಗದ ದಾಖಲೆ ನೋಡಲೇಬೇಕು, 1972ರಲ್ಲಿ ಆಯೋಗಕ್ಕೆ ಹೋದ ಭೂಮಿಯನ್ನು ಹಳೆಯ ಪತ್ರ ತೋರಿಸಿ ಮಾರುವವರಿದ್ದಾರೆ. ಬಡವರಿಗೆ ಸರ್ಕಾರ ಕೊಟ್ಟ ಸ್ವರ್ಣಭೂಮಿ, ಜಯಭೂಮಿ ಹಕ್ಕುಪತ್ರದ ಜಾಗಗಳನ್ನು ಮುಟ್ಟಬೇಡಿ, ನಮ್ಮ ದರಖಾಸ್ತು ಜಮೀನಿನ ಹಾಗೆ ಅವುಗಳ ಪರಭಾರೆಗೆ ಅನುಮತಿ ಬೇಕು. ಕ್ಯಾಂಡಿ, ನುವಾರ ಎಲಿಯಾ, ಬದುಳ್ಳಾ ಕಡೆಯ ಗುಡ್ಡದ ಜಾಗವಾದರೆ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಭೂಕುಸಿತ ವರದಿ ಕೇಳಿ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಆ ಜಿಲ್ಲೆಗಳ ಗುಡ್ಡಗಳೇ ಕುಸಿದವು.

ಫ್ಲ್ಯಾಟಿಗೆ ಬೇಕಾದದ್ದು ಬೇರೆ. 1973ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಾಯಿಸಿದ ಕಾಂಡೊಮಿನಿಯಂ ನಕ್ಷೆ, ಅಂದರೆ ಒಂದೊಂದು ಫ್ಲ್ಯಾಟನ್ನೂ ಬೇರೆಯಾಗಿ ತೋರಿಸುವ ನಕ್ಷೆ ಇದೆಯೇ? ಕಟ್ಟಡ ಅನುಮೋದನೆಯಂತೆ ಮುಗಿದಿದೆ ಎಂಬ ಅನುಸರಣಾ ಪ್ರಮಾಣಪತ್ರ ಇದೆಯೇ? ಎರಡೂ ಇಲ್ಲದ ಫ್ಲ್ಯಾಟಿಗೆ ವಿನಾಯಿತಿಯ ಕ್ರಯಪತ್ರ ಮಾಡಿಸಲಾಗದು. ವಿದೇಶಿಯರಿಗೆ ನಾಲ್ಕನೇ ಮಹಡಿ ಅಥವಾ ಅದಕ್ಕಿಂತ ಮೇಲಿನದ್ದು ಮಾತ್ರ ಎಂದಿದ್ದ ಮಿತಿಯನ್ನು 2018ರ ತಿದ್ದುಪಡಿ ತೆಗೆದಿದೆ. ಕಟ್ಟುತ್ತಿರುವ ಕಟ್ಟಡಕ್ಕೆ ಮುಂಗಡ ಕೊಡುವುದನ್ನು ನಾವು ಸಲಹೆ ಮಾಡುವುದಿಲ್ಲ. 2022ರಲ್ಲಿ ಆಮದು ನಿರ್ಬಂಧದಿಂದ ಕಬ್ಬಿಣ, ಸಿಮೆಂಟಿನ ಬೆಲೆ ಏರಿ ಕೆಲಸಗಳು ನಿಂತಾಗ, ಕಂತು ಕಟ್ಟಿದ್ದವರಿಗೆ, ಮನೆ ಕೊಳ್ಳುವವರನ್ನು ಕಾಯುವ ನಮ್ಮ ರೇರಾ ಕಾಯ್ದೆಯಂಥ ಆಸರೆ ಇರಲಿಲ್ಲ.

ಖರ್ಚು: ಕ್ರಯದ ಮುದ್ರಾಂಕ ಶುಲ್ಕ ಮೊದಲ ಒಂದು ಲಕ್ಷ ಲಂಕಾ ರೂಪಾಯಿಗೆ ಶೇ 3, ಮಿಕ್ಕಿದ್ದಕ್ಕೆ ಶೇ 4. ಹೊಸ ಫ್ಲ್ಯಾಟಾದರೆ ಹೇಳಿದ ಬೆಲೆಯಲ್ಲಿ ವ್ಯಾಟ್ ಸೇರಿದೆಯೇ ಎಂದು ಬರೆಸಿಕೊಳ್ಳಿ, 2024ರ ಜನವರಿಯಿಂದ ಅದರ ದರ ಶೇ 18. ಮಾರುವಾಗ ಲಾಭದ ಮೇಲೆ ವ್ಯಕ್ತಿಗಳಿಗೆ ಶೇ 10 ಇದ್ದ ತೆರಿಗೆ 2025ರ ಏಪ್ರಿಲ್‌ನಿಂದ ಶೇ 15 ಆಗಿದೆ.

ಪ್ರಶ್ನೆ: ಜಾಫ್ನಾದಲ್ಲಿ ಬೆಲೆ ಕಡಿಮೆ ಎನ್ನುತ್ತಾರೆ. ಅಲ್ಲಿ ಲೀಸಿಗೆ ತೆಗೆದುಕೊಳ್ಳಬಹುದೇ?
ಓದುಗರು, ಶಿವಮೊಗ್ಗ

ಉತ್ತರ: ಮೊದಲ ಹೂಡಿಕೆಗೆ ಬೇಡ. ಯುದ್ಧದಲ್ಲಿ ಊರು ಬಿಟ್ಟವರ ಹಕ್ಕು ಉಳಿಸಲು 2016ರಲ್ಲಿ ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ 1983ರ ಮೇ 1ರಿಂದ 2009ರ ಮೇ 18ರ ತನಕದ ಅವಧಿಯನ್ನು ಸ್ವಾಧೀನದ 10 ವರ್ಷಕ್ಕೆ ಲೆಕ್ಕ ಹಿಡಿಯುವಂತಿಲ್ಲ. ಕಾಯ್ದೆ ನ್ಯಾಯವಾದದ್ದೇ, ಆದರೆ ಈಗ ಅಲ್ಲಿ ವಾಸವಿರುವವರಿಂದ ಲೀಸ್ ಪಡೆದ ನಿಮಗೆ ನಾಳೆ ಕೆನಡಾದಿಂದಲೋ ಲಂಡನ್ನಿನಿಂದಲೋ ನಿಜವಾದ ಮಾಲೀಕರು ಎದುರಾಗಬಹುದು. ಅಲ್ಲಿಯ ತಮಿಳರಿಗೆ ಅನ್ವಯಿಸುವ ತೇಸವಳಮೈ ಕಾನೂನಿನಲ್ಲಿ ಸಹಪಾಲುದಾರರಿಗೆ ಮೊದಲು ಕೊಳ್ಳುವ ಹಕ್ಕೂ ಇದೆ, ಅವರಿಗೆ ತಿಳಿಸದೆ ಆದ ಹಿಂದಿನ ಕ್ರಯಗಳು ವಿವಾದಕ್ಕೆ ಬರುತ್ತವೆ. ಸೇನೆಯ ವಶದಲ್ಲಿರುವ ಜಾಗಗಳ ಪ್ರಶ್ನೆಯೂ ಪೂರ್ತಿ ತೀರಿಲ್ಲ.

ಪ್ರಶ್ನೆ: ಅಪ್ಪ, ನಾನು, ನನ್ನ ಹೆಂಡತಿ ಸೇರಿ ಹಣ ಹಾಕುವ ಯೋಚನೆ. ಇಲ್ಲಿಂದ ಕಳಿಸಲು ರಿಸರ್ವ್ ಬ್ಯಾಂಕ್ ನಿಯಮವೇನು? ಮನೆ ಸಾಲ ಸಿಗುತ್ತದೆಯೇ?
ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಉದಾರೀಕೃತ ರವಾನೆ ಯೋಜನೆಯಡಿ, ಎಲ್ಲರೂ ಎಲ್‌ಆರ್‌ಎಸ್ ಎನ್ನುವುದು ಇದನ್ನೇ, ವಿದೇಶದಲ್ಲಿ ಆಸ್ತಿ ಕೊಳ್ಳಲು ಕಳಿಸಬಹುದು. ಮೂವರ ಮಿತಿಯನ್ನು ಒಟ್ಟು ಸೇರಿಸಬಹುದು, ಆದರೆ ಹಣ ಕಳಿಸಿದ ಪ್ರತಿಯೊಬ್ಬರ ಹೆಸರೂ ಕ್ರಯಪತ್ರದಲ್ಲಿ ಮಾಲೀಕರಾಗಿ ಇರಬೇಕು. ಅಪ್ಪನ ಹಣ ಹೋಗಿ ಮಗನ ಹೆಸರಲ್ಲಿ ಮಾತ್ರ ಮನೆಯಾದರೆ ಫೆಮಾ, ಅಂದರೆ ನಮ್ಮ ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ. ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿಯಲ್ಲಿ ಉದ್ದೇಶವನ್ನು ಸ್ಥಿರಾಸ್ತಿ ಹೂಡಿಕೆ ಎಂದೇ ಬರೆಯಿರಿ, ಸಂಬಂಧಿಕರ ಖರ್ಚಿಗೆ ಎಂದು ಬರೆದು ತಪ್ಪಿಸಿಕೊಳ್ಳಲು ನೋಡಬೇಡಿ.

ಇದಕ್ಕೆ ಬ್ಯಾಂಕ್ ಸಾಲ ಇಲ್ಲ. ಈ ಯೋಜನೆಯಡಿ ಹೂಡಿಕೆಗೆ ಕಳಿಸುವ ಹಣಕ್ಕೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ 20 ಟಿಸಿಎಸ್ (ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಒಬ್ಬರೇ 1 ಕೋಟಿ ಕಳಿಸಿದರೆ 90 ಲಕ್ಷಕ್ಕೆ 18 ಲಕ್ಷ. ಅದು ಮುಂಗಡ ತೆರಿಗೆಯಂತೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಷ್ಟು ಹಣ ತಿಂಗಳುಗಟ್ಟಲೆ ನಿಂತಿರುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಮೂವರೂ ಬೇರೆ ಬೇರೆ ಕಳಿಸಿದರೆ 10 ಲಕ್ಷದ ವಿನಾಯಿತಿ ಮೂವರಿಗೂ ಸಿಗುತ್ತದೆ.

ಕೊಂಡ ವರ್ಷದಿಂದ ಪ್ರತಿವರ್ಷ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಫ್ಲ್ಯಾಟನ್ನೂ ಐಐಎ ಖಾತೆಯನ್ನೂ ತೋರಿಸಬೇಕು. ಬಾಡಿಗೆ ಬರದಿದ್ದರೂ ತೋರಿಸಬೇಕು, ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ. ಬಾಡಿಗೆಗೆ ಎರಡೂ ದೇಶದಲ್ಲಿ ತೆರಿಗೆ ಬೀಳದಂತೆ ಒಪ್ಪಂದವಿದೆ, ಅಲ್ಲಿ ಕಟ್ಟಿದ್ದರ ರಸೀದಿ ಇದ್ದರೆ ಇಲ್ಲಿ ಜಮೆ ಸಿಗುತ್ತದೆ.

ಪ್ರಶ್ನೆ: ಈಗಲೇ ಕೊಳ್ಳುವುದೋ, ಸ್ವಲ್ಪ ಕಾಯುವುದೋ?
ಓದುಗರು, ಉಡುಪಿ

ಉತ್ತರ: ಮೂರು ವರ್ಷಗಳನ್ನು ಗಮನದಲ್ಲಿಡಿ. 2023ರ ಮಾರ್ಚಿನಲ್ಲಿ ಮಂಜೂರಾದ ಹಣಕಾಸು ನಿಧಿಯ ಕಾರ್ಯಕ್ರಮ 48 ತಿಂಗಳದ್ದು, 2027ರಲ್ಲಿ ಮುಗಿಯಬೇಕು. ಮರುಹೊಂದಿಸಿದ ಸರ್ಕಾರಿ ಸಾಲಗಳ ಅಸಲು 2028ರಿಂದ ತೀರಿಸಲು ಶುರು. 2029ರಲ್ಲಿ ಅಧ್ಯಕ್ಷೀಯ ಚುನಾವಣೆ. ಈ ಮೂರು ಒಂದರ ಹಿಂದೊಂದು ಬರುತ್ತಿರುವುದರಿಂದ ರೂಪಾಯಿಯ ಮೇಲೆ ಒತ್ತಡ ಬರುವುದಿದ್ದರೆ ಆಗಲೇ ಬರುವ ಸಂಭವ ಹೆಚ್ಚು. ಐದು ವರ್ಷದೊಳಗೆ ಮಗಳ ಮದುವೆಗೋ ಓದಿಗೋ ಬೇಕಾಗುವ ಹಣವಾದರೆ ಹಾಕಬೇಡಿ.

ಇನ್ನೊಂದು ಸಂಗತಿ. ಆಳುವ ಕೂಟಕ್ಕೆ ಮೂರನೇ ಎರಡು ಬಹುಮತಕ್ಕೆ ಬೇಕಾದ 150ಕ್ಕಿಂತ 9 ಸ್ಥಾನ ಹೆಚ್ಚಿದೆ, ಹೊಸ ಸಂವಿಧಾನ ತರುತ್ತೇವೆ ಎಂಬ ಮಾತನ್ನೂ ಅದು ಕೊಟ್ಟಿದೆ. ಸರ್ಕಾರ ಬೀಳುವ ಭಯ ಸದ್ಯಕ್ಕಿಲ್ಲ, ಕಾನೂನು ಬದಲಾಯಿಸಲು ಅಡ್ಡಿಯೂ ಇಲ್ಲ. ಭೂ ಕಾಯ್ದೆಯ ತಿದ್ದುಪಡಿಗಂತೂ ಸಾಧಾರಣ ಬಹುಮತವೇ ಸಾಕು. ಹಣ ಕಳಿಸುವ ವಾರದಲ್ಲಿ ನಿಮ್ಮ ವಕೀಲರಿಂದ ಎರಡು ಸಾಲಿನ ಪತ್ರ ಪಡೆಯಿರಿ: ಭೂಮಿ, ವಿದೇಶಿ ವಿನಿಮಯ, ತೆರಿಗೆ ಈ ಮೂರರಲ್ಲಿ ಯಾವುದಾದರೂ ಮಸೂದೆ ಗೆಜೆಟ್‌ನಲ್ಲಿ ಪ್ರಕಟವಾಗಿದೆಯೇ, ಆಗಿದ್ದರೆ ಅದು ಹಿಂದಿನ ದಿನಾಂಕದಿಂದ ಅನ್ವಯವಾಗುತ್ತದೆಯೇ. ಆ ವಕೀಲರು ಮಾರುವವರು ಗೊತ್ತು ಮಾಡಿದವರಾಗಿರಬಾರದು.